ಹಳ್ಳ ಹಿಡಿದ ಹಳ್ಳ

ಫೆಬ್ರವರಿ 3

ತಮ್ಮನಿಗೆ,

ನಿನ್ನ ಅಭಿನಂದನೆಯ ಕಾಗದ ಬಂತು. ದಪ್ಪ ಕಾಗದ, ಮೂಲೆಯಲ್ಲಿ ಹಸಿರು ಎಲೆಯ ಚಿತ್ರ, ಕೊನೆಗೆ ‘ಮುಖ್ಯಸ್ಥರು, ಪರಿಸರ ವಿಭಾಗ’ ಎಂಬ ಮೊಹರು. ಒಡಹುಟ್ಟಿದ ಅಕ್ಕನಿಗೆ ಬರೆಯುವ ಕಾಗದಕ್ಕೂ ಮೊಹರು ಒತ್ತುವವನು ನೀನೊಬ್ಬನೇ ಇರಬೇಕು. ಬೆಳಿಗ್ಗೆ ಕನ್ನಡಿ ನೋಡುವಾಗ ಹಣೆಗೂ ಒಂದು ಒತ್ತಿಕೊಳ್ಳುತ್ತೀಯೇನೋ.

ಫೋನ್ ಮಾಡಬೇಡ. ಈ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಇದ್ದರೂ ನಾವಿಬ್ಬರು ಮೂರನೇ ಮಾತಿಗೆ ಕಚ್ಚಾಡುತ್ತೇವೆ. ಕಾಗದದಲ್ಲಿ ಕಚ್ಚಾಡಿದರೆ ಅಮ್ಮನ ಕಿವಿಗೆ ಬೀಳುವುದಿಲ್ಲ.

ನಿಮ್ಮ ಕಂಪನಿ ಮೂವತ್ತು ವರ್ಷ ತಾಮ್ರ ತೋಡಿ, ಆರು ವರ್ಷದ ಹಿಂದೆ ಬಾಗಿಲು ಹಾಕಿಕೊಂಡು ಹೋದ ಗುಡ್ಡಕ್ಕೆ ನಾನು ಬಂದು ಹನ್ನೆರಡು ದಿನವಾಯಿತು. ನೀರಿನ ಇಲಾಖೆ ವಹಿಸಿರುವ ಕೆಲಸ ಒಂದೇ: ಗುಡ್ಡದ ಬುಡದ ಹಳ್ಳವನ್ನು ಮತ್ತೆ ಹಳ್ಳ ಮಾಡುವುದು. ಈಗ ಹರಿಯುತ್ತಿರುವುದು ತುಕ್ಕಿನ ಗಸಿ. ಕಲ್ಲುಗಳಿಗೆಲ್ಲ ಯಾರೋ ಕಿತ್ತಳೆ ಬಣ್ಣದ ಗಾರೆ ಮೆತ್ತಿದ ಹಾಗಿದೆ. ಕೈ ಅದ್ದಿದರೆ ಉಗುರಿನ ಸಂದು ಉರಿಯುತ್ತದೆ. ಕಪ್ಪೆ ಇಲ್ಲ, ಹುಳು ಇಲ್ಲ, ನೊಣ ಕೂಡ ಹತ್ತಿರ ಸುಳಿಯುವುದಿಲ್ಲ. ನೊಣಕ್ಕಿರುವ ಮರ್ಯಾದೆ ನಿಮ್ಮ ಕಂಪನಿಗಿಲ್ಲ. ಹಳ್ಳ ಹಿಡಿಸುವುದು ಎಂಬ ಮಾತು ಕೇಳಿದ್ದೆ. ಹಳ್ಳವನ್ನೇ ಹಳ್ಳ ಹಿಡಿಸಿದವರನ್ನು ನೋಡಿದ್ದು ಇದೇ ಮೊದಲು.

ನಿನ್ನ ವಿಭಾಗದ ಹಸಿರನ್ನೂ ನೋಡಿದೆ. ಇಳಿಜಾರಿಗೆಲ್ಲ ಬೀಜ ಬೆರೆಸಿದ ಹಸಿರು ನೀರು ಸಿಂಪಡಿಸಿದ್ದೀರಂತೆ. ಬೀಜ ಮೊಳೆಯಲಿಲ್ಲ, ಬಣ್ಣ ಮಾತ್ರ ಚೆನ್ನಾಗಿ ಉಳಿದಿದೆ. ದೂರದಿಂದ ಫೋಟೋ ತೆಗೆದರೆ ಬೆಟ್ಟ, ಹತ್ತಿರ ಹೋದರೆ ಬಣ್ಣ ಬಳಿದ ಗೋಡೆ. ಅದರ ಮೇಲೆ ಸಾಲು ಸಾಲು ನೀಲಗಿರಿ, ಮೊಣಕಾಲೆತ್ತರಕ್ಕೆ ಬಂದು ಬೇಸರವಾಗಿ ನಿಂತುಬಿಟ್ಟಿವೆ.

ನಮ್ಮ ತಂಡದಲ್ಲಿ ಎಂಟು ಜನ. ಜೆಸಿಬಿ ಓಡಿಸುವವನ ಅಡ್ಡಹೆಸರು ಮೌನಿ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಹೆಸರು. ಮೊದಲು ಇದೇ ಗಣಿಯಲ್ಲಿದ್ದವನು, ಅಪ್ಪನನ್ನು ಬಲ್ಲ.

ಕಂಪನಿಯ ಕೊನೆಯ ವರ್ಷಗಳಲ್ಲಿ ಇಲ್ಲಿ ಸರ್ವೆ ಮಾಡುತ್ತಿದ್ದವನು ನೀನು. ಒಳಗಿನ ಸುರಂಗಗಳ ನಕ್ಷೆ ಕಳಿಸು. ಇದು ಬೇಡಿಕೆಯಲ್ಲ, ಇಲಾಖೆಯ ಅಧಿಕೃತ ಕೋರಿಕೆ. ಮೊಹರಿಲ್ಲ, ಕ್ಷಮಿಸು.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕ,

ನಕ್ಷೆ ಇದರ ಜೊತೆಗಿದೆ. ಮೂರು ಸುರಂಗ, ಮೂರಕ್ಕೂ ಗೋಡೆ ಕಟ್ಟಿದ ದಿನಾಂಕ, ಎಲ್ಲ ಇದೆ. ಕೆಳಗೆ ನನ್ನ ಸಹಿ. ಮೊಹರೂ ಇದೆ, ಬೇಕಾದರೆ ಕತ್ತರಿಸಿ ಎಸೆ.

ನಿನ್ನ ಕಾಗದ ಓದಿ ನಗು ಬಂತು. ನಲವತ್ತರ ಹೊಸ್ತಿಲಲ್ಲಿ ಗಂಬೂಟು ಹಾಕಿಕೊಂಡು ಕೆಸರಿನಲ್ಲಿ ನಿಂತು, ಊರಿಗೆಲ್ಲ ಬುದ್ಧಿ ಹೇಳುವುದೇ ಒಂದು ಉದ್ಯೋಗ ಅಂದುಕೊಂಡವರು ನಿನ್ನಂಥವರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹುಣಸೆಹಣ್ಣೂ ಕರಗುತ್ತದೆ, ಹೊಳೆಯೂ ಸಿಹಿಯಾಗುವುದಿಲ್ಲ. ನೀನು ಕೈಗೆತ್ತಿಕೊಂಡ ಹಿಂದಿನ ಎರಡು ಕೆರೆಗಳ ಕಥೆ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ.

ನೀನು ಹೀಯಾಳಿಸುವ ಈ ಕಂಪನಿಯ ಸಂಬಳದಲ್ಲೇ ಅಪ್ಪನ ಆಸ್ಪತ್ರೆಯ ಎರಡು ವರ್ಷ ಕಳೆದದ್ದು. ಅಮ್ಮ ಈಗ ಮಲಗುವ ಕೋಣೆಗೆ ಕಿಟಕಿ ಇರುವುದೂ ಅದರಿಂದಲೇ.

ಜೂನ್‌ನಲ್ಲಿ ತಪಾಸಣೆ ಇದೆ. ಅಧಿಕಾರಿ ಸಹಿ ಮಾಡಿದರೆ ಗಣಿ ಕಾನೂನಿನ ಪ್ರಕಾರ ಮುಚ್ಚಿದಂತೆ. ಆಮೇಲೆ ಅದು ಸರ್ಕಾರದ ಜಮೀನು, ನೀನುಂಟು ನಿನ್ನ ಹಳ್ಳವುಂಟು. ಅಲ್ಲಿಯವರೆಗೆ ಗಿಡ ನೆಡು, ಒಳ್ಳೆಯದು. ಇಳಿಜಾರಿನ ಬುಡವನ್ನು ಮಾತ್ರ ಕೆದಕಬೇಡ. ಮಣ್ಣು ಸಡಿಲ.

ನಿನ್ನ ತಮ್ಮ


ಏಪ್ರಿಲ್ 11

ತಮ್ಮನಿಗೆ,

ನನ್ನ ಕೆರೆಗಳ ಕಥೆ ಎತ್ತಿದ್ದೀಯ. ಹೌದು, ಒಂದು ಕೆರೆ ಸೋತಿತು, ಇನ್ನೊಂದರಲ್ಲಿ ಈಗ ಬಾತುಕೋಳಿ ಇವೆ. ಸೋತದ್ದನ್ನು ಸೋತೆ ಅಂತ ನಾನೇ ವರದಿಯಲ್ಲಿ ಬರೆದೆ. ಅದನ್ನು ಓದಿಯೇ ನಿನಗೆ ಗೊತ್ತಾದದ್ದು. ನಿನ್ನ ಸೋಲುಗಳನ್ನು ಎಲ್ಲಿ ಓದಬೇಕು, ಹೇಳು.

ಎರಡು ತಿಂಗಳಲ್ಲಿ ಮಾಡಿದ್ದು: ಹಳ್ಳದ ಪಕ್ಕ ಮೂರು ಹೊಂಡ ತೋಡಿದೆವು. ಗುಡ್ಡದಿಂದ ಇಳಿಯುವ ಹುಳಿ ನೀರನ್ನು ಸುಣ್ಣದಕಲ್ಲು ತುಂಬಿದ ಕಾಲುವೆಯಲ್ಲಿ ಹರಿಸಿ, ಹುಳಿ ಮುರಿದು, ಹೊಂಡದಲ್ಲಿ ನಿಲ್ಲಿಸಿ ತುಕ್ಕು ತಳಕ್ಕಿಳಿದ ಮೇಲೆ ಹಳ್ಳಕ್ಕೆ ಬಿಡುವುದು. ಅಂಚಿಗೆ ಜೊಂಡು ನೆಟ್ಟೆವು. ಐದನೇ ವಾರಕ್ಕೆ ಸುಣ್ಣದಕಲ್ಲಿಗೆಲ್ಲ ತುಕ್ಕಿನ ಸಿಪ್ಪೆ ಕಟ್ಟಿ, ಸುಣ್ಣ ಒಳಗೇ ಉಳಿದುಹೋಯಿತು. ಎಂಟು ಜನ ಕೂತು ಒಂದೊಂದೇ ಕಲ್ಲನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಜೋಡಿಸಿದೆವು. ಹನ್ನೊಂದು ದಿನ. ನನ್ನ ಬೆರಳಿನ ರೇಖೆಗಳೇ ಅಳಿಸಿಹೋಗಿವೆ. ಬ್ಯಾಂಕಿನವನು ಹೆಬ್ಬೆಟ್ಟು ಕೇಳಿದರೆ ಏನು ಮಾಡುವುದೋ.

ಇಷ್ಟಾದರೂ ಹಳ್ಳ ಜಗ್ಗುತ್ತಿಲ್ಲ. ಹುಳಿ ಅಳೆಯುವ ಪಟ್ಟಿ ಹಿಡಿದು ಹತ್ತು ಹೆಜ್ಜೆಗೊಂದರಂತೆ ನೀರು ನೋಡುತ್ತ ನಡೆದೆ. ನಮ್ಮ ಹೊಂಡದಿಂದ ಇಳಿಯುವ ನೀರು ಪರವಾಗಿಲ್ಲ. ಇಳಿಜಾರಿನ ಬುಡದಲ್ಲಿ ಒಂದು ಸಪಾಟು ಜಾಗವಿದೆ, ನೀನು ಕೆದಕಬೇಡ ಅಂದೆಯಲ್ಲ, ಅದೇ. ಅದನ್ನು ದಾಟಿದ ಕೂಡಲೇ ಪಟ್ಟಿ ಕೆಂಪಾಗುತ್ತದೆ. ಕಲ್ಲಿನ ಸಂದಿನಿಂದ, ನೆಲದ ಅಡಿಯಿಂದ ಏನೋ ಒಸರುತ್ತಿದೆ. ನಿನ್ನ ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ. ಖಾಲಿ ಬಿಳಿ ಕಾಗದ.

ನಕ್ಷೆಯನ್ನು ಜೆಸಿಬಿಯ ಮೇಲೆ ಹರಡಿಕೊಂಡು ನೋಡುತ್ತಿದ್ದೆ. ಮೌನಿ ಇಣುಕಿ ನೋಡಿದ. “ಇದೇನ್ರಕ್ಕಾ, ಕೆಳಗಿನ ಸುರಂಗನೇ ಇಲ್ವಲ್ಲ?”

“ಯಾವ ಕೆಳಗಿನ ಸುರಂಗ?”

“ನೀರು ಸುರಂಗ. ಮೇಲಿನ ಮೂರರ ನೀರೆಲ್ಲ ಇದ್ರಲ್ಲೇ ಇಳಿದು ಹೊರಗೆ ಬರ್ತಿತ್ತು. ನಿಮ್ಮಪ್ಪ ಅದರೊಳಗೇ ಅಲ್ವಾ ಆಸರೆ ಮರ ನಿಲ್ಲಿಸ್ತಿದ್ದಿದ್ದು? ನಾನು ಕೆಲಸ ಬಿಟ್ಟಾಗ್ಲೂ ಬಾಯಿ ತೆರೆದೇ ಇತ್ತು. ಆಮೇಲೆ ಬಂದು ನೋಡಿದ್ರೆ ಮಣ್ಣು ಹಾಕಿ ಸಮ ಮಾಡಿಬಿಟ್ಟಿದ್ರು.”

ನೇರವಾಗಿ ಕೇಳುತ್ತಿದ್ದೇನೆ. ನಾಲ್ಕನೆಯ ಸುರಂಗ ಇದೆಯೋ ಇಲ್ಲವೋ?

ಅಕ್ಕ


ಏಪ್ರಿಲ್ 25

ಅಕ್ಕನಿಗೆ,

ದಾಖಲೆಯಲ್ಲಿ ಇರುವುದು ಮೂರು ಸುರಂಗ. ದಾಖಲೆಯಲ್ಲಿ ಇಲ್ಲದ್ದರ ಬಗ್ಗೆ ನಾನು ಹೇಳುವಂಥದ್ದು ಏನೂ ಇಲ್ಲ. ಬಾಯಿಗೆ ಬೀಗವಿಲ್ಲದ ಡ್ರೈವರ್ ಒಬ್ಬನ ಮಾತಿನ ಮೇಲೆ ಇಲಾಖೆಯ ಕೆಲಸ ನಡೆಯುವುದಾದರೆ ನಿಮ್ಮ ಇಲಾಖೆಯನ್ನು ದೇವರೇ ಕಾಪಾಡಬೇಕು.

ಇನ್ನು ಮುಂದೆ ಇಂಥ ವಿಷಯಗಳನ್ನು ಕಂಪನಿಯ ವಿಳಾಸಕ್ಕೆ ಬರೆ. ಮನೆಗೆ ಬೇಡ. ಅಮ್ಮ ಲಕೋಟೆಗಳನ್ನು ಎಣಿಸುತ್ತಾಳೆ.

ಇಂತಿ,
ಮುಖ್ಯಸ್ಥರು, ಪರಿಸರ ವಿಭಾಗ


ಜೂನ್ 16

ಶ್ರೀಯುತ ಮುಖ್ಯಸ್ಥರಿಗೆ,

ಮನೆಗೇ ಬರೆಯುತ್ತಿದ್ದೇನೆ. ಅಮ್ಮ ಎಣಿಸಲಿ.

ನಿನ್ನೆ ತಪಾಸಣೆ ನಡೆಯಿತು. ನೀನು ಬರಲಿಲ್ಲ. ಜ್ವರ ಅಂತ ನಿಮ್ಮ ಸೈಟ್ ಮ್ಯಾನೇಜರ್ ಹೇಳಿದ. ಒಳ್ಳೆಯ ಸಮಯಕ್ಕೆ ಬರುವ ಜ್ವರ. ಆದರೆ ನಿನ್ನ ಬದಲು ನೀನು ಕಳಿಸಿದ ಪ್ರತಿನಿಧಿಗಳು ಬಂದಿದ್ದರು. ಬೆಳಿಗ್ಗೆ ಆರೂವರೆಗೆ ಟ್ಯಾಂಕರಿನಲ್ಲಿ.

ಮೀನು! ತಮ್ಮಾ, ಮೀನು. ಯಾವುದೋ ಸಾಕಣೆ ಹೊಂಡದಲ್ಲಿ ಸುಖವಾಗಿದ್ದ ಮೀನುಗಳನ್ನು ತಂದು, ಪೈಪಿನಲ್ಲಿ ಹಳ್ಳಕ್ಕೆ ಸುರಿದರು. ಟ್ಯಾಂಕರಿನವನ ಚೀಟಿ ನೋಡಿದೆ. ‘ತರಿಸಿದವರು: ಪರಿಸರ ವಿಭಾಗ.’ ಕೆಳಗೆ ನಿನ್ನ ಸಹಿ, ಬಾಲ ಸುತ್ತಿಕೊಂಡು ಕೂತಿದೆ. ಮೀನು ಹೊಳೆಯುತ್ತಿರುವಾಗಲೇ ಫೋಟೋದವನು ಹೊಟ್ಟೆಯ ಮೇಲೆ ಮಲಗಿ ಫೋಟೋ ತೆಗೆದ. ಅಷ್ಟು ನಿಷ್ಠೆಯಿಂದ ಈ ಹಳ್ಳದ ಮುಂದೆ ಮಲಗಿದವನನ್ನು ನಾನು ಕಂಡಿರಲಿಲ್ಲ.

ತಪಾಸಣೆಗೆ ಬಂದವರು ಐವತ್ತು ದಾಟಿದ ಹೆಂಗಸು. ಒಣ ಕೆಮ್ಮು, ಕಡಿಮೆ ಮಾತು. ಮ್ಯಾನೇಜರ್ ಅವರನ್ನು ಹಳ್ಳದ ದಡಕ್ಕೆ ಕರೆದುಕೊಂಡು ಬಂದು ಮೀನು ತೋರಿಸಿದ. ಅವರು ತಲೆಯಾಡಿಸಿದರು. ಆಮೇಲೆ ಡೇರೆಗೆ ಊಟಕ್ಕೆ ಕರೆದೊಯ್ದ. ನಾನು ದಡದಲ್ಲೇ ಕೂತೆ. ಹನ್ನೆರಡೂವರೆಯ ಹೊತ್ತಿಗೆ ಮೊದಲ ಮೀನು ಮಗ್ಗುಲಾಯಿತು. ಒಂದಕ್ಕೆ ಬಿಳಿ ಹೊಟ್ಟೆಗಳು ಎಲೆ ತೇಲಿ ಬಂದ ಹಾಗೆ ಬರತೊಡಗಿದವು. ನಿಮ್ಮ ಇಬ್ಬರು ಕೆಲಸದವರು ಪೊದೆಯ ಹಿಂದೆ ನಿಂತು ಉದ್ದ ಕೋಲಿನ ಬಲೆಯಲ್ಲಿ ಸತ್ತವನ್ನು ಎತ್ತಿ ಗೋಣಿಚೀಲಕ್ಕೆ ತುಂಬುತ್ತಿದ್ದರು. ಕಣ್ಣಿಗೆ ಮಣ್ಣೆರಚುವವರನ್ನು ಕಂಡಿದ್ದೆ. ಮೀನು ಎರಚುವವರನ್ನೂ ಕಂಡಂತಾಯಿತು.

ನಾನು ಡೇರೆಗೆ ಹೋಗಿ ಆ ಹೆಂಗಸಿಗೆ, “ಮೇಡಂ, ಮೀನು ನಿಮ್ಮನ್ನ ಮತ್ತೊಂದ್ಸಲ ನೋಡ್ಬೇಕಂತೆ” ಅಂದೆ. ಅವರು ತಟ್ಟೆ ಬಿಟ್ಟು ಎದ್ದು ಬಂದರು. ಮ್ಯಾನೇಜರ್ ಹಿಂದೆಯೇ ಓಡಿ ಬಂದು, “ಮೀನಿಗೆ ಸುಸ್ತಾಗಿದೆ ಮೇಡಂ, ಪ್ರಯಾಣ ಮಾಡಿ ಬಂದಿವೆ” ಅಂದ.

“ಎಲ್ಲಿಂದ ಪ್ರಯಾಣ?” ಅಂದರು ಅವರು.

ಆಗ ಮ್ಯಾನೇಜರ್ ಮಾಡಿದ ಮುಖವನ್ನು ನಿನಗೆ ಪಾರ್ಸೆಲ್ ಮಾಡಿ ಕಳಿಸಬೇಕು ಅನ್ನಿಸಿತು.

ಅವರು ಸಹಿ ಮಾಡಲಿಲ್ಲ. ನಿರಾಕರಿಸಲೂ ಇಲ್ಲ. ನಾನು ಕೆಳಗಿನ ಸುರಂಗದ ವಿಷಯ ಹೇಳಿದಾಗ ಪಕ್ಕಕ್ಕೆ ಕರೆದು, “ಮೀನು ಸತ್ತಿದ್ದು ನೋಡಿದೆ. ಆದ್ರೆ ಅದು ಸುರಂಗ ಇದೆ ಅನ್ನೋಕೆ ಸಾಕ್ಷಿ ಅಲ್ಲ. ನಕ್ಷೆಯಲ್ಲಿ ಇಲ್ಲ. ಇದೆ ಅನ್ನೋದಾದ್ರೆ ತೋರಿಸಿ. ಒಂದು ತಿಂಗಳು ಕಾಯ್ತೀನಿ” ಅಂದರು.

ತೋರಿಸುತ್ತೇನೆ. ಇದೇ ಜೂನ್ 29, ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಸಪಾಟು ಜಾಗವನ್ನು ಅಗೆಯುತ್ತೇವೆ. ಜೆಸಿಬಿಯಲ್ಲಿ ಮೌನಿ, ಪಕ್ಕದಲ್ಲಿ ನಾನು. ಏನು ಸಿಕ್ಕಿತು ಎಂದು ನಿನಗೇ ಮೊದಲು ಬರೆಯುತ್ತೇನೆ. ಕಂಪನಿಯ ವಿಳಾಸಕ್ಕೆ.

ಜ್ವರಕ್ಕೆ ಔಷಧಿ ತೆಗೆದುಕೋ.

ಅಕ್ಕ


ಜೂನ್ 28, ಭಾನುವಾರ

ಮಗಳಿಗೆ,

ನಾಲ್ಕು ತಿಂಗಳಿಂದ ನಿಮ್ಮಿಬ್ಬರ ಲಕೋಟೆಗಳನ್ನು ಬಾಗಿಲಲ್ಲಿ ತೆಗೆದುಕೊಂಡು, ಮೇಜಿನ ಮೇಲಿಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಓಡಾಡಿದ್ದೇನೆ. ನನ್ನನ್ನು ಅಂಚೆ ಡಬ್ಬಿ ಅಂದುಕೊಂಡಿದ್ದೀರಿ. ಡಬ್ಬಿಗೂ ಒಳಗೆ ಏನು ಬಿತ್ತು ಅಂತ ತೂಕದಿಂದ ತಿಳಿಯುತ್ತದೆ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ನಿನ್ನ ತಮ್ಮ ನಿಂತಲ್ಲೇ ಒಡೆದು ಓದಿದ. “ಏನಾಯ್ತೋ?” ಅಂದೆ. ಫೋನ್ ತೆಗೆದುಕೊಂಡು ಅಲ್ಲಿನ ಆಫೀಸಿಗೆ ಮಾಡಿದ, ಯಾರೂ ಎತ್ತಲಿಲ್ಲ. ಆಮೇಲೆ ಅವನ ದೊಡ್ಡ ಸಾಹೇಬರ ಮನೆಗೆ ಹೋಗಿ ಬಂದ. ಹೋಗುವಾಗ ಓಡಿದ ಹಾಗಿದ್ದ, ಬರುವಾಗ ಯಾರೋ ಹೊತ್ತು ತಂದ ಹಾಗಿದ್ದ. “ಅಗೆಯಲಿ ಬಿಡು ಅಂದ್ರಮ್ಮ” ಅಂತ ಒಂದೇ ಮಾತು. ಯಾರು, ಏನು ಅಗೆಯಬೇಕು ಅಂತ ನನಗೆ ಹೇಳಲಿಲ್ಲ.

ಈವತ್ತು ನಸುಕಿನಲ್ಲಿ ನಿಮ್ಮಪ್ಪನ ಟ್ರಂಕಿನ ಅಡಿಯಿಂದ ಒಂದು ಸುರುಳಿ ಕಾಗದ ತೆಗೆದ. ಮನೆಯಲ್ಲಿ ಹಾಕಿಕೊಳ್ಳುವ ಅಂಗಿ, ಮನೆಯ ಚಪ್ಪಲಿ. ಹಾಗೇ ಹೊರಟ. ಕಂಪನಿಯ ಕಾರು ಕೆಳಗೇ ನಿಂತಿತ್ತು, ಅದರ ಕಡೆ ನೋಡಲೂ ಇಲ್ಲ.

“ಎಲ್ಲಿಗೋ?” ಅಂದೆ.

“ಅಕ್ಕನ ಹತ್ರ. ಬಸ್ ಸಿಕ್ಕರೆ ನಾಳೆ ಬೆಳಿಗ್ಗೆ ಏಳಕ್ಕೆ ತಲುಪ್ತೀನಿ.”

“ಸಿಗದಿದ್ರೆ?”

ಅವನು ಮೆಟ್ಟಿಲಿಳಿದುಬಿಟ್ಟಿದ್ದ.

ನೀವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅನ್ನುವುದಕ್ಕೆ ನಾನೊಬ್ಬಳೇ ಸಾಕ್ಷಿ, ನನಗೇ ಕೆಲವು ಸಲ ಅನುಮಾನ. ಒಬ್ಬಳಿಗೆ ತಾನು ಸರಿ ಅನ್ನುವ ಕೊಬ್ಬು. ಒಬ್ಬನಿಗೆ ತಪ್ಪು ಅಂತ ಗೊತ್ತಿದ್ದೂ ಇಸ್ತ್ರಿ ಮಾಡಿಕೊಂಡು ತೊಡುವ ಕೊಬ್ಬು. ನಿಮ್ಮಪ್ಪ ಹೋಗುವ ಮೊದಲು ಒಂದು ವರ್ಷ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಯಾಕೆ ಅಂತ ನನಗೆ ಇಬ್ಬರೂ ಹೇಳಲಿಲ್ಲ.

ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಆಗುವುದು ಆಗಿರುತ್ತದೆ. ಬದುಕಿದ್ದರೆ ಎರಡು ಸಾಲು ಬರೆ.

ಅಮ್ಮ


ಜುಲೈ 2

ಅಮ್ಮಾ,

ಬದುಕಿದ್ದೇನೆ. ನಿನ್ನ ಮಗನೂ ಬದುಕಿದ್ದಾನೆ. ಹೆಮ್ಮೆ ಪಡುವ ಅವಸರ ಬೇಡ, ಪೂರ್ತಿ ಓದು.

ಸೋಮವಾರ ನಾವು ಎಂಟರ ಬದಲು ಏಳಕ್ಕೇ ಶುರು ಮಾಡಿದ್ದೆವು. ಮಳೆಯ ಮೋಡ ಕಟ್ಟುತ್ತಿತ್ತು. ಏಳೂಮುಕ್ಕಾಲಿಗೆ ಆಳೆತ್ತರದ ಗುಂಡಿಯಾಗಿತ್ತು. ಮಣ್ಣಿನಡಿಯಲ್ಲಿ ಕಾಂಕ್ರೀಟಿನ ಮೂಲೆ ಕಾಣಿಸಿತು. ಮೌನಿ ಯಂತ್ರದೊಳಗಿಂದಲೇ ಕೂಗಿದ, “ಹೇಳ್ಲಿಲ್ವಾ ಅಕ್ಕಾ ನಾನು! ಒಂದೇಟು ಕೊಡ್ಲಾ?” ನಾನು ಕೈ ಎತ್ತಿದೆ, ಕೊಡು ಅಂತ. ಅಮ್ಮಾ, ನಾನು ಕೈ ಎತ್ತಿದೆ.

ಆಗ ದಾರಿಯ ತಿರುವಿನಿಂದ ಯಾರೋ ಕಿರುಚುವುದು ಕೇಳಿಸಿತು. ಕಿತ್ತಳೆ ಕೆಸರಿನಲ್ಲಿ ಬಿದ್ದು ಎದ್ದು, ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲದೆ, ಕಾಗದದ ಸುರುಳಿ ಬೀಸುತ್ತ ಒಬ್ಬ ಓಡಿ ಬರುತ್ತಿದ್ದ. ಊರಿನ ಹುಚ್ಚನಿರಬೇಕು ಅಂದುಕೊಂಡೆ. ಹತ್ತಿರ ಬಂದಾಗ ನಮ್ಮ ಮನೆಯ ಹುಚ್ಚ.

“ಅಕ್ಕಾ, ನಿಲ್ಸು! ಅದ್ರ ಹಿಂದೆ ನೀರಿದೆ!”

ಮೌನಿ ಕೇಳಿಸಿಕೊಂಡ. ಎತ್ತಿದ ತೋಳನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದ.

ಸುರುಳಿ ಬಿಚ್ಚಿದೆವು. ನಾಲ್ಕನೆಯ ಸುರಂಗದ ನಕ್ಷೆ. ಬಾಯಿಗೆ ಗೋಡೆ ಕಟ್ಟಿ ಮಣ್ಣು ಮುಚ್ಚಿದ್ದಾರೆ. ಮೇಲಿನ ಮೂರು ಸುರಂಗಗಳ ನೀರಿಗೆ ಬೇರೆ ದಾರಿಯಿಲ್ಲದೆ ಆರು ವರ್ಷದಿಂದ ಅದರ ಹಿಂದೆ ತುಂಬುತ್ತಿದೆ. ಗುಡ್ಡದೊಳಗೆ ನಾಲ್ಕು ಮಹಡಿಯಷ್ಟು ಎತ್ತರಕ್ಕೆ ನಿಂತಿದೆಯಂತೆ. ಒಸರುತ್ತಿದ್ದದ್ದು ಅದೇ. ಮೌನಿ ಆ ಒಂದು ಏಟು ಕೊಟ್ಟಿದ್ದರೆ ಯಂತ್ರ, ಅವನು, ನಾನು, ಕೆಳಗಿನ ಕೆಲಸದವರ ಶೆಡ್ಡು, ಎಲ್ಲ ಹೊಳೆ ಸೇರುತ್ತಿದ್ದೆವು.

ನಿನ್ನ ಮಗ ನೆಲದ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದ. ನಾನು ಅವನಿಗೆ ನೀರು ಕೊಡಲಿಲ್ಲ. ಮೌನಿ ಕೊಟ್ಟ. ನಾನು ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಕೇಳಿದೆ, “ಇದರಲ್ಲಿ ನಿನ್ನ ಸಹಿ ಯಾವುದು?”

“ಎರಡೂ” ಅಂದ.

ಅದೇ ದಿನ ಮಧ್ಯಾಹ್ನ ಎರಡನ್ನೂ ತೆಗೆದುಕೊಂಡು ಹೋಗಿ ತಪಾಸಣೆಯ ಅಧಿಕಾರಿಗೆ ಕೊಟ್ಟೆ. ತಮ್ಮ ಅಂತ ನೋಡಲಿಲ್ಲ. ಅವನು ಬೇಡ ಅನ್ನಲೂ ಇಲ್ಲ. ನೀನು ಬೈಯುವುದಾದರೆ ಬೈ.

ಮಗಳು


ಆಗಸ್ಟ್ 19

ಅಕ್ಕ,

ಈ ಕಾಗದಕ್ಕೆ ಮೊಹರಿಲ್ಲ. ಮೊಹರು, ಕಾರು, ಮೇಜು ಎಲ್ಲ ವಾಪಸ್ ತೆಗೆದುಕೊಂಡರು. ನಿನ್ನೆ ತನಿಖೆಯವರಿಗೆ ಮೂರನೆಯ ಸಲ ಹೇಳಿಕೆ ಕೊಟ್ಟು ಬಂದೆ. ದೊಡ್ಡ ಸಾಹೇಬರು ತಮಗೆ ಏನೂ ಗೊತ್ತಿಲ್ಲ, ಎಲ್ಲ ಆ ಸರ್ವೆಯವನ ಕೆಲಸ ಅಂದಿದ್ದಾರಂತೆ. ನಾನು ಅವರ ಮನೆಗೆ ಹೋಗಿ, ಅಗೆದರೆ ಜನ ಸಾಯುತ್ತಾರೆ ಅಂದಾಗ, ಅವರು ಚಹಾದ ಬಟ್ಟಲು ಕೆಳಗಿಡದೆ, “ಅಗೆಯಲಿ ಬಿಡಿ. ಅಪಘಾತವಾದರೆ ಇಲಾಖೆಯದ್ದು” ಅಂದಿದ್ದರು. ಅದನ್ನೂ ಬರೆಸಿದೆ. ನಂಬುವುದು ಬಿಡುವುದು ತನಿಖೆಯವರಿಗೆ ಬಿಟ್ಟದ್ದು.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗಣಿ ಮುಚ್ಚುವಾಗ ನನಗೆ ಇಪ್ಪತ್ತೊಂಬತ್ತು. ಕೆಳಗಿನ ಸುರಂಗ ತೆರೆದಿದ್ದರೆ ಅದರ ನೀರನ್ನು ನೂರು ವರ್ಷ ಶುದ್ಧಮಾಡುತ್ತ ಕೂರಬೇಕು. ಅದು ಇಲ್ಲವೇ ಇಲ್ಲ ಎಂದಾದರೆ ಕೂರಬೇಕಿಲ್ಲ. “ಒಂದು ಗೆರೆ ಬಿಟ್ಟರೆ ಆಯಿತು” ಅಂದರು ಸಾಹೇಬರು. ಗೆರೆ ಎಳೆದು ಅಭ್ಯಾಸವಿತ್ತು, ಬಿಡುವುದು ಅದಕ್ಕಿಂತ ಸುಲಭವಾಯಿತು. ಹಳೆಯ ನಕ್ಷೆ ಸುಡು ಅಂದಿದ್ದರು, ಸುಡಲಿಲ್ಲ. ಒಳ್ಳೆಯತನದಿಂದಲ್ಲ. ಅಷ್ಟು ಚೆನ್ನಾಗಿ ನಾನು ಮತ್ತೊಂದು ನಕ್ಷೆ ಬರೆದಿಲ್ಲ.

ಅಪ್ಪ ನಮ್ಮ ಮನೆಯಲ್ಲಿದ್ದಾಗ ಒಂದು ದಿನ ನನ್ನ ಮೇಜಿನ ಮೇಲೆ ಹೊಸ ನಕ್ಷೆ ನೋಡಿದರು. ಬೆರಳಿಟ್ಟು ಒಂದು, ಎರಡು, ಮೂರು ಅಂತ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ, “ಹಾಗಾದ್ರೆ ನಾನು ಹನ್ನೊಂದು ವರ್ಷ ಎಲ್ಲಿ ಕೆಲಸ ಮಾಡಿದ್ದೋ ಮಗಾ?” ಅಂದರು. ನಾನು ಕಾಗದ ಮಡಚಿದೆ. ಅವರು ಮತ್ತೆ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ನೀನು ಕೇಳಿದಾಗಲೇ ಹೇಳಬಹುದಿತ್ತು. ಹೇಳಿದರೆ ನಿನ್ನ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತಿತ್ತು. ಮೂಗಿನ ಪಕ್ಕ ಒಂದು ಗೆರೆ ಬೀಳುತ್ತದೆ, ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದು. ಅದನ್ನು ನೋಡುವುದಕ್ಕಿಂತ ಸುಳ್ಳು ಹೇಳುವುದು ಹಗುರ ಅನ್ನಿಸಿತು. ಆದರೂ ಬಂದೆನಲ್ಲ, ಅಕ್ಕ. ಅದಕ್ಕೆ ಏನೂ ಬೆಲೆಯಿಲ್ಲವೇ?

ತಮ್ಮ


ಡಿಸೆಂಬರ್ 7

ತಮ್ಮನಿಗೆ,

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಕೆಲಸವಿತ್ತು ಅಂತ ನೆಪ ಹೇಳಬಹುದು. ಕೆಲಸವೂ ಇತ್ತು.

ಗುಡ್ಡದ ಮೇಲಿನಿಂದ ಕೊಳವೆ ಕೊರೆದು ಒಳಗಿನ ನೀರನ್ನು ಸೆಪ್ಟೆಂಬರ್‌ನಿಂದ ದಿನಕ್ಕಿಷ್ಟು ಅಂತ ಹೊರಬಿಡುತ್ತಿದ್ದೇವೆ. ಮೊದಲ ದಿನ ಬಂದ ನೀರಿನ ಬಣ್ಣ ನೋಡಿ ಮೌನಿ ಎರಡು ನಿಮಿಷ ಸುಮ್ಮನಿದ್ದ. ಇಲ್ಲಿಯವರು ಈಗಲೂ ಆ ಎರಡು ನಿಮಿಷದ ಮಾತಾಡುತ್ತಾರೆ. ಗಣಿ ಮುಚ್ಚಿದೆ ಎಂಬ ಪ್ರಮಾಣಪತ್ರ ಕಂಪನಿಗೆ ಸಿಗಲಿಲ್ಲ. ಶುದ್ಧೀಕರಣದ ಘಟಕ ಕಟ್ಟಬೇಕು, ನೀರು ಬರುವಷ್ಟು ಕಾಲ ನಡೆಸಬೇಕು ಅಂತ ಆದೇಶವಾಗಿದೆ. ಮ್ಯಾನೇಜರ್ ಈಗ ನನ್ನನ್ನು ಮೇಡಂ ಅನ್ನುತ್ತಾನೆ. ಹಾಗೆ ಕರೆಸಿಕೊಳ್ಳುವಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಬೆಲೆ ಕೇಳಿದ್ದೀಯ. ನಮ್ಮನ್ನು ಕೊಲ್ಲುವ ಗುಂಡಿಯನ್ನು ತೋಡಿಟ್ಟವನು ನೀನು. ಬೀಳುವ ಮುಂಚೆ ಕೈ ಹಿಡಿದೆ ಅಂತ ಹಾರ ಹಾಕುವವಳು ನಾನಲ್ಲ. ನಿನ್ನ ಬಗ್ಗೆ ನನಗಿರುವ ತಾತ್ಸಾರದಲ್ಲಿ ಒಂದು ಹನಿಯೂ ಕಡಿಮೆಯಾಗಿಲ್ಲ.

ಆದರೆ ಆ ಗುಂಡಿಯಲ್ಲಿ ನನ್ನ ಪಾಲೂ ಇದೆ. ಅದನ್ನು ಬರೆಯುವುದಕ್ಕೇ ನಾಲ್ಕು ತಿಂಗಳು ಬೇಕಾಯಿತು. ಸುರಂಗವಿದೆ ಅಂತ ನನಗೆ ಏಪ್ರಿಲ್‌ನಲ್ಲೇ ಖಾತ್ರಿಯಾಗಿತ್ತು. ಮುಚ್ಚಿದ ಸುರಂಗದ ಹಿಂದೆ ನೀರು ನಿಂತಿರಬಹುದು ಅಂತ ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ. ನಿನ್ನನ್ನು ಸುಳ್ಳುಗಾರ ಅಂತ ಸಾಬೀತು ಮಾಡುವ ಸುಖದಲ್ಲಿ ಅದು ತಲೆಗೆ ಹೋಗಲೇ ಇಲ್ಲ. ನಿನಗೆ ಬರೆದ ಆ ಕಾಗದವನ್ನು ನಾನು ಮೂರು ಸಲ ತಿದ್ದಿದ್ದೆ, ಮೀನಿನ ಜೋಕು ಚೆನ್ನಾಗಿ ಬರಲಿ ಅಂತ. ಅಷ್ಟೇ ಹೊತ್ತು ಗೋಡೆಯ ಬಗ್ಗೆ ಯೋಚಿಸಿದ್ದರೆ ಸಾಕಿತ್ತು. ಯಂತ್ರದಲ್ಲಿ ಕೂತಿದ್ದವನು ಮೌನಿ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಕೈ ಎತ್ತಿದವಳು ನಾನು.

ಇದನ್ನು ವರದಿಯಲ್ಲಿ ಬರೆದಿದ್ದೇನೆ. ನೀನು ಓದಬಹುದು.

ಇನ್ನೊಂದು ವಿಷಯ. ಹಳ್ಳಕ್ಕೆ ಹೊಸ ಪಾತ್ರ ತೋಡಬೇಕು. ಇಳಿಜಾರು ಬೆರಳಿನಷ್ಟು ಹೆಚ್ಚಾದರೆ ಕೊಚ್ಚಿಕೊಂಡು ಹೋಗುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ. ಮಟ್ಟ ನೋಡಲು ಸರ್ವೆಯವನೊಬ್ಬ ಬೇಕು. ಎರಡು ಸಲ ಪ್ರಕಟಣೆ ಕೊಟ್ಟೆವು, ಈ ಕಣಿವೆಗೆ ಯಾರೂ ಬರಲೊಪ್ಪಲಿಲ್ಲ. ದಿನಗೂಲಿ. ಕೆಲಸದಲ್ಲಿ ನಿನ್ನ ಮೇಲಿನವನು ಮೌನಿ. ನಕ್ಷೆಯ ಪ್ರತಿಯೊಂದು ಗೆರೆಯನ್ನೂ ನಾನು ಮತ್ತೆ ಅಳೆಯುತ್ತೇನೆ.

ಬರುವುದು ಬಿಡುವುದು ನಿನ್ನಿಷ್ಟ. ನಾನು ಕರೆಯುತ್ತಿಲ್ಲ, ತಿಳಿಸುತ್ತಿದ್ದೇನೆ.

ಅಕ್ಕ


ಮಾರ್ಚ್ 22

ಅಮ್ಮಾ,

ಕ್ಷೇಮ. ಕೇಸು ಮೇ ತಿಂಗಳಿಗೆ ಹೋಗಿದೆ. ಏನಾಗುತ್ತದೋ ಆಗಲಿ, ಹೇಳುವುದನ್ನೆಲ್ಲ ಹೇಳಿಯಾಗಿದೆ.

ಇಲ್ಲಿ ಶೆಡ್ಡಿನ ಕೊನೆಯ ಮಂಚ ನನ್ನದು. ಬೆಳಿಗ್ಗೆ ಆರಕ್ಕೆ ಅಕ್ಕ ತಗಡಿನ ಗೋಡೆಗೆ ಹಾರೆಯಿಂದ ಬಡಿದು ಎಬ್ಬಿಸುತ್ತಾಳೆ, ಬೇರೆಯವರಿಗೆ ಬಾಗಿಲು ತಟ್ಟುತ್ತಾಳೆ. ಮೌನಿ ನನ್ನನ್ನು ‘ಸಾಹೇಬ್ರೇ’ ಅಂತ ಕರೆದು ಗೂಟ ಹೊರಿಸುತ್ತಾನೆ. ನಾನು ಮಟ್ಟ ನೋಡಿ ಗೂಟ ನೆಟ್ಟರೆ ಅವಳು ಸಂಜೆ ಬಂದು ಪ್ರತಿಯೊಂದನ್ನೂ ಮತ್ತೆ ಅಳೆಯುತ್ತಾಳೆ. ಇಲ್ಲಿಯವರೆಗೆ ಒಂದೂ ತಪ್ಪು ಸಿಕ್ಕಿಲ್ಲ. ಅದಕ್ಕೇ ಅವಳಿಗೆ ಸಿಟ್ಟು. ಅವಳು ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸುತ್ತಾಳೆ ಅಂತ ನೀನೂ ಕಾಯಬೇಡ.

ನೀರು ಇನ್ನೂ ತಿಳಿಯಾಗಿಲ್ಲ. ಹೊಸ ಪಾತ್ರದ ಮೇಲ್ಭಾಗದಲ್ಲಿ ಮಾತ್ರ ತಳದ ಕಲ್ಲು ಕಲ್ಲಿನ ಬಣ್ಣಕ್ಕೇ ಕಾಣಿಸುತ್ತಿದೆ. ನಿನ್ನೆ ಅಲ್ಲಿ ಗೂಟ ನೆಡುತ್ತಿದ್ದೆ. ಅಕ್ಕ ನೀರಲ್ಲಿ ಬಗ್ಗಿ ನಿಂತವಳು ಇದ್ದಕ್ಕಿದ್ದಂತೆ, “ಏ, ಬಾ ಇಲ್ಲಿ” ಅಂದಳು. ಆ ದನಿಯಲ್ಲಿ ಯಾವ ಮುಳ್ಳೂ ಇರಲಿಲ್ಲ. ನಾನು ಹೆದರಿಯೇ ಹೋದೆ.

ಅವಳ ಅಂಗೈಯಲ್ಲಿ ಒಂದು ಚಪ್ಪಟೆ ಕಲ್ಲು. ಅದರ ಅಡಿಯ ಮಗ್ಗುಲಿಗೆ ಅಕ್ಕಿಕಾಳಿನಷ್ಟು ಉದ್ದದ ಒಂದು ಗೂಡು, ಮರಳ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ್ದು. ಒಳಗಿನಿಂದ ಒಂದು ಹುಳು ತಲೆ ಹೊರಗೆ ಹಾಕಿ ಕಾಲಾಡಿಸುತ್ತಿತ್ತು. ಹುಳಿ ನೀರಿನಲ್ಲಿ ಇದು ಬದುಕುವುದಿಲ್ಲವಂತೆ. ಮೇಲಿನ ಒರತೆಯಿಂದ ತಾನಾಗಿ ಇಳಿದು ಬಂದಿದೆ, ಯಾರೂ ಟ್ಯಾಂಕರಿನಲ್ಲಿ ತಂದದ್ದಲ್ಲ. ಮೌನಿಯೂ ಬಂದು ನೋಡಿದ.

ನಾನು ಬೆರಳು ಚಾಚಿದೆ.

“ಮುಟ್ಬೇಡ” ಅಂದಳು. “ನೀನು ಮುಟ್ಟಿದ್ದು ಯಾವುದು ಉಳಿದಿದೆ?”

ಹಾಗಂದವಳು ದಡಕ್ಕೆ ಹತ್ತಿ ಇದನ್ನು ವಹಿಯಲ್ಲಿ ಬರೆದುಕೊಳ್ಳಬೇಕಿತ್ತು. ಎರಡೂ ಕೈ ಬೇಕಿತ್ತು. ಸುತ್ತ ನೋಡಿದಳು. ಮೌನಿ ಪಕ್ಕದಲ್ಲೇ ನಿಂತಿದ್ದ, ಅವನ ಕೈ ಖಾಲಿಯಿತ್ತು. ಕಲ್ಲನ್ನು ನನ್ನ ಕೈಗೆ ಕೊಟ್ಟಳು. “ಇದ್ದಲ್ಲೇ ಇಡು” ಅಂದಳು.

ಇಟ್ಟೆ, ಅಮ್ಮಾ. ಅದೇ ಜಾಗ, ಅದೇ ಮಗ್ಗುಲು.

ನಿನ್ನ ಮಗ